ಖಾಲಿ ಬಾಯಿಯವನ ಬಿಡುವು

ಲೋಕೇಶ ಹೊಗೆಸೊಪ್ಪು ಬಿಟ್ಟು ಅಂದಿಗೆ ನಲವತ್ತೊಂದು ದಿನವಾಗಿತ್ತು. ಕೆಲಸದ ಹೊತ್ತಿನಲ್ಲಿ ಅವನು ಕೂತು ಕೂಡ ಸರಿಯಾಗಿ ನಲವತ್ತೊಂದು ದಿನವೇ ಆಗಿತ್ತು.

ಇವೆರಡಕ್ಕೂ ಎಂಥ ಸಂಬಂಧ ಎಂದು ಕೇಳುವವರು ಮೇಗುಂದದ ಕಡೆ ಒಂದು ದಿನವೂ ಕೂಲಿಗೆ ಹೋದವರಲ್ಲ. ಕಾರ್ಖಾನೆಯವರಿಗೆ ಗಂಟೆ ಇದೆ, ಕಚೇರಿಯವರಿಗೆ ಗೋಡೆ ಗಡಿಯಾರವಿದೆ, ಕಾನೂನಿನ ಪುಸ್ತಕದಲ್ಲಿ ಎಲ್ಲರಿಗೂ ವಿರಾಮವಿದೆ. ತಿಮ್ಮಣ್ಣನವರ ತೋಟದಲ್ಲಿ ಇದ್ದದ್ದು ಕವಳದ ತಟ್ಟೆ. ಬೆಳಿಗ್ಗೆ ಹತ್ತೂವರೆಗೆ ಒಂದು ಸಲ, ಮಧ್ಯಾಹ್ನ ಮೂರೂವರೆಗೆ ಇನ್ನೊಂದು ಸಲ ಮನೆಯಿಂದ ತಟ್ಟೆ ಬರುತ್ತಿತ್ತು. ವೀಳ್ಯದೆಲೆ, ಅಡಿಕೆ, ಸುಣ್ಣ, ಪಕ್ಕದಲ್ಲಿ ಒಂದು ಹಿಡಿ ಹೊಗೆಸೊಪ್ಪು. ತಟ್ಟೆ ಕಂಡೊಡನೆ ಗುದ್ದಲಿಗಳು ನೆಲಕ್ಕೆ ಬೀಳುತ್ತಿದ್ದವು. ಹನ್ನೊಂದು ಆಳು ನೆರಳಿಗೆ ಸರಿದು, ಕಾಲು ಚಾಚಿ, ಎಲೆಯ ಬೆನ್ನಿಗೆ ಸುಣ್ಣ ಸವರುತ್ತ ಕೂರುತ್ತಿದ್ದರು. ಬಿಡುವನ್ನು ಅಳೆಯುವ ಯಂತ್ರವೆಂದರೆ ಎಲ್ಲರಿಗಿಂತ ಹಿರಿಯನಾದ ಗಿಡ್ಡಯ್ಯನ ದವಡೆ. ಗಿಡ್ಡಯ್ಯ ಕವಳ ಉಗಿದನೆಂದರೆ ಬಿಡುವು ಮುಗಿಯಿತು. ಹಸು ಮೆಲುಕು ಹಾಕಿದ ಹಾಗೆ ಒಂದೇ ಕವಳವನ್ನು ಅವನು ಇಪ್ಪತ್ತು ನಿಮಿಷ ಎಳೆಯಬಲ್ಲವನಾಗಿದ್ದ. ಇಡೀ ಗುಂಪು ಅವನನ್ನು ಮುಖಂಡನೆಂದು ಒಪ್ಪಿಕೊಂಡದ್ದು ಆ ಒಂದು ಗುಣಕ್ಕೆ.

ಅಲ್ಲಿ ಯಾರೂ ಬರೆದಿಡದ ಒಂದು ನಿಯಮವಿತ್ತು. ಕವಳ ಹಾಕುತ್ತ ಕೂತವನು ಮನುಷ್ಯ. ಬರೀ ಕೂತವನು ಸೋಮಾರಿ.

ಏಪ್ರಿಲಿನಲ್ಲಿ ಜಯಪುರದ ಶಿಬಿರಕ್ಕೆ ಬಂದ ಡಾಕ್ಟರು ಲೋಕೇಶನ ಎಡಗೆನ್ನೆಯೊಳಗೆ ಟಾರ್ಚ್ ಬಿಟ್ಟು ನೋಡಿ, "ಬಿಳಿ ಮಚ್ಚೆ ಬಿದ್ದಿದೆ. ಈಗ ಬಿಟ್ಟರೆ ವಾಸಿಯಾದೀತು. ಹೊಗೆಸೊಪ್ಪೂ ಬೇಡ, ಅಡಿಕೆಯೂ ಬೇಡ" ಎಂದಿದ್ದರು. ಲೋಕೇಶ ಎರಡನ್ನೂ ಬಿಟ್ಟ. ತೋಟದಲ್ಲಿ ಮಾತ್ರ ಮೊದಲನೆಯದನ್ನಷ್ಟೇ ಹೇಳಿದ. ಎರಡನೆಯದನ್ನು ಅಡಿಕೆ ಬೆಳೆಯುವ ಸೀಮೆಯಲ್ಲಿ ಗಟ್ಟಿಯಾಗಿ ಹೇಳುವುದು ಮದುವೆ ಮನೆಯಲ್ಲಿ ಗಂಡಿನ ವಯಸ್ಸು ಕೇಳಿದ ಹಾಗೆ.

ಬಿಟ್ಟ ಮೊದಲ ದಿನ ಅವನೂ ಎಲ್ಲರ ಜತೆ ಕೂತಿದ್ದ. ತಿಮ್ಮಣ್ಣನವರು ಆ ಕಡೆ ಬಂದರು.

"ಎಂತದು ಲೋಕೇಶ, ಬರೀ ಕೂತಿದೀಯಲ್ಲ. ಮೈಯಾಗೆ ಹುಷಾರಿಲ್ವಾ?"

"ಆರಾಮಿದೀನಿ ಅಯ್ಯ. ಹೊಗೆಸೊಪ್ಪು ಬಿಟ್ಟೆ."

"ಭಾರಿ ಒಳ್ಳೇದಾತು ಮಾರಾಯ," ಎಂದರು ತಿಮ್ಮಣ್ಣನವರು. ನಿಜವಾಗಿಯೂ ಅವರಿಗೆ ಸಂತೋಷವಾಗಿತ್ತು. "ಹಂಗಾರೆ ಹೆಂಗೂ ನಿಂಗೆ ಈಗ ಕೆಲಸ ಇಲ್ಲ. ಆ ಪೈಪೊಂದು ಆಚೆ ಸಾಲಿಗೆ ಹಾಕಿ ಬಾ."

ಅಂದು ಎದ್ದವನು ಮತ್ತೆ ಕೂರಲಿಲ್ಲ. ತಿಮ್ಮಣ್ಣನವರು ಕೆಟ್ಟವರೆಂದಲ್ಲ. ಆರೋಗ್ಯವಂತ ಆಳೊಬ್ಬ ಖಾಲಿ ಬಾಯಿಯಲ್ಲಿ ಕೂರುವುದನ್ನು ಅವರ ಅಪ್ಪ ಕಂಡಿರಲಿಲ್ಲ, ಅಜ್ಜ ಕಂಡಿರಲಿಲ್ಲ, ಅವರಿಗೂ ಕಣ್ಣಿಗೆ ಒಗ್ಗಲಿಲ್ಲ, ಅಷ್ಟೆ. ಸಿಗರೇಟಿನ ಪೊಟ್ಟಣದ ಮೇಲಾದರೆ ಕೊಳೆತ ಕೆನ್ನೆಯ ಚಿತ್ರವಿರುತ್ತದೆ. ತಟ್ಟೆಯಲ್ಲಿ ಬಂದ ಹೊಗೆಸೊಪ್ಪಿಗೆ ಚಿತ್ರವಿಲ್ಲ, ಧಣಿಗಳ ಪ್ರೀತಿ ಇರುತ್ತದೆ. ಕೂಲಿ ಹೆಚ್ಚು ಮಾಡಿ ಎಂದಾಗ ಬಾಗಿಲು ಹಾಕಿಕೊಳ್ಳುವ ಪ್ರೀತಿ ಸೊಪ್ಪಿನ ಜತೆ ಹಿಡಿಹಿಡಿಯಾಗಿ ಬರುತ್ತದೆ.

ಇನ್ನೊಂದು ಕಡೆ ಲೋಕೇಶನ ಕೀರ್ತಿ ಬೆಳೆಯುತ್ತಿತ್ತು. ಆಶಾ ಕಾರ್ಯಕರ್ತೆ ಚೇತನಾ ಜಯಪುರದ ಗ್ರಂಥಾಲಯದಲ್ಲಿ ಸೋಮವಾರ ಸಂಜೆ ಓದುವ ಬಳಗ ನಡೆಸುತ್ತಿದ್ದಳು. ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಜಗಳ ಮಾಡುವುದು. ಬಿಟ್ಟ ಮೇಲೆ ಲೋಕೇಶನೂ ಅಲ್ಲಿಗೆ ಹೋಗುತ್ತಿದ್ದ. ಆ ಬಳಗದ ಮೂಲಕವೇ ಅವಳಿಗೆ ಇಪ್ಪತ್ತಮೂರು ದೇಶಗಳ ಒಂದು ಗುಂಪಿನ ಪರಿಚಯವಾಗಿತ್ತು. ತಂಬಾಕಿನ ಕಂಪನಿಗಳ ವಿರುದ್ಧ ನಿಂತ ಆ ಗುಂಪಿನಲ್ಲಿ ಮಂತ್ರಿಗಳಿಲ್ಲ, ದೊಡ್ಡ ಡಾಕ್ಟರುಗಳಿಲ್ಲ. ಕಾಫಿ ಕೊಯ್ಯುವವರು, ಮೀನು ಹಿಡಿಯುವವರು, ಬಟ್ಟೆ ಹೊಲಿಯುವವರು. ಎಲ್ಲರೂ ಬಿಟ್ಟವರು ಅಥವಾ ಬಿಡಿಸುವವರು. ಮೇ ಮೂವತ್ತೊಂದು, ತಂಬಾಕು ವಿರೋಧಿ ದಿನ, ಎಲ್ಲರೂ ಫೋನಿನಲ್ಲಿ ಮುಖಾಮುಖಿ ಸೇರುವುದೆಂದು ನಿಶ್ಚಯವಾಗಿತ್ತು. ನಮ್ಮ ಕಡೆಯಿಂದ ಲೋಕೇಶ. ಮಾತುಕತೆ ಮಧ್ಯಾಹ್ನವೇ ಶುರುವಾದರೂ ಅವನ ಸರದಿ ಸಂಜೆ, ಆರಕ್ಕೆ ಗ್ರಂಥಾಲಯಕ್ಕೆ ಬಂದರೆ ಸಾಕು ಎಂದಿದ್ದಳು ಚೇತನಾ.

ಆ ಮೇ ಮೂವತ್ತೊಂದರ ಬೆಳಿಗ್ಗೆ ಕೆಲಸ ಇದ್ದದ್ದು ತೋಟದ ಮೇಲಿನ ಪಟ್ಟೆಯಲ್ಲಿ, ನೀರಿನ ಟ್ಯಾಂಕಿನ ಪಕ್ಕ. ಇಡೀ ತೋಟಕ್ಕೆ ಸಿಗ್ನಲ್ ಸಿಗುವುದು ಅಲ್ಲೊಂದೇ ಕಡೆ. ಮಳೆ ಹಿಡಿಯುವುದರೊಳಗೆ ಕಾಫಿ ಸಾಲುಗಳ ನಡುವೆ ನೀರಿಂಗಿಸುವ ತೊಟ್ಟಿಲು ಗುಂಡಿ ತೋಡಿ ಮುಗಿಸಬೇಕಿತ್ತು. ಹೆಸರು ತೊಟ್ಟಿಲು. ತೋಡುವವನ ಸೊಂಟಕ್ಕೆ ಅದರಲ್ಲಿ ಯಾವ ಸುಖವೂ ಇಲ್ಲ.

ಹತ್ತೂವರೆಗೆ ತಟ್ಟೆ ಬಂತು. ಲೋಕೇಶ ಗುದ್ದಲಿಗೆ ಗಲ್ಲ ಊರಿ ಮರಕ್ಕೆ ಒರಗಿದ. ಕೂರಲಿಲ್ಲ, ಒರಗಿದ್ದಷ್ಟೆ.

"ಲೋಕ, ಹೆಂಗೂ ನಿಂತಿದೀಯಲ್ಲ," ಎಂದ ಗಿಡ್ಡಯ್ಯ ಎಲೆಯ ತೊಟ್ಟು ಚಿವುಟುತ್ತ, "ನನ್ನ ಸುಣ್ಣದ ಡಬ್ಬಿ ಕೆಳಗಿನ ಗುಂಡಿ ಹತ್ರ ಬಿದ್ದಿರಬೇಕು, ನೋಡ್ಕಂಡು ಬಾ."

ತಂದುಕೊಟ್ಟ.

"ಹೆಂಗೂ ಎದ್ದಿದೀಯಲ್ಲ," ಎಂದಳು ಚಿಕ್ಕಕ್ಕ. ಅವಳು ಆ ಗುಂಪಿನ ಹೆಂಗಸರಲ್ಲಿ ಹಿರಿಯಳು. ಅವಳ ನಾಲಗೆಗೆ ತಿಮ್ಮಣ್ಣನವರ ನಾಯಿಯೂ ದಾರಿ ಬಿಡುತ್ತಿತ್ತು. "ನನ್ನ ಬಾಟ್ಲಿಗೆ ಅಬ್ಬಿ ನೀರು ಹಿಡ್ಕಂಡು ಬಾ."

ಮನೆಯ ಪಕ್ಕ ಒರತೆಯ ನೀರು ಬೀಳುವ ಆ ಅಬ್ಬಿಗೆ ಹೋಗಿ ತುಂಬಿ ತರುವಾಗ ಮನೆಯ ಜಗಲಿಯಿಂದ ತಿಮ್ಮಣ್ಣನವರ ಹೆಂಡತಿ ಸುಬ್ಬಲಕ್ಷ್ಮಿ ಕೂಗಿದರು. "ಲೋಕೇಶಾ, ರಸ್ತೆಗೆ ಗ್ಯಾಸಿನ ಗಾಡಿ ಬಂದಿದೆ. ಹೆಂಗೂ ನೀ ಕವಳ ಹಾಕದಿಲ್ವಲ್ಲ, ಸಿಲಿಂಡರೊಂದು ಹೊತ್ಕಂಡು ಬಾ ಮಾರಾಯ."

ರಸ್ತೆಯಲ್ಲಿ ಗಾಡಿಯ ಡ್ರೈವರ್ ಶೇಷಪ್ಪ ಅವನನ್ನು ನೋಡಿ ಕೈ ಮುಗಿದ. "ಹೊಗೆಸೊಪ್ಪು ಬಿಟ್ಟೋರು ನೀವೇ ಅಲ್ದಾ? ಜಯಪುರದ ತುಂಬ ನಿಮ್ಮದೇ ಸುದ್ದಿ. ಬಿಟ್ರೆ ಮೈಗೆ ಆನೆ ಬಲ ಬರ್ತದಂತೆ." ಎಂದವನೇ ಸಿಲಿಂಡರನ್ನು ಲೋಕೇಶನ ಹೆಗಲಿಗೇರಿಸಿ, "ಪಕ್ಕದ ಮನೇದೂ ಒಂದಿತ್ತು. ಹೆಂಗೂ ಬಲ ಇದೆಯಲ್ಲ" ಎಂದು ಎರಡನೆಯದನ್ನು ಕೆಳಗಿಳಿಸಿದ.

ಲೋಕೇಶ ಎರಡನ್ನೂ ಮುಟ್ಟಿಸಿ ಗುಡ್ಡ ಹತ್ತಿ ಬರುವ ಹೊತ್ತಿಗೆ ಗಿಡ್ಡಯ್ಯ ಗಂಟಲು ಕ್ಯಾಕರಿಸಿ, ಬಿಡುವು ಮುಗಿಯಿತೆಂದು ಇಡೀ ತೋಟಕ್ಕೆ ತಿಳಿಯುವ ಹಾಗೆ ಉಗಿದ.

ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿದಾಗ ಲೋಕೇಶ ತನ್ನದನ್ನು ಪಕ್ಕಕ್ಕಿಟ್ಟ. ಬೆನ್ನು ನೆಟ್ಟ ಕಂಬದ ಹಾಗೆ ಸೆಟೆದಿತ್ತು. "ಚಿಕ್ಕಕ್ಕ, ನಾ ಮತ್ತೆ ಶುರು ಮಾಡ್ತೀನಿ. ಕೆನ್ನೆ ಹೋದ್ರೆ ಹೋಗ್ಲಿ, ಸೊಂಟ ಉಳೀಲಿ."

"ಅಷ್ಟು ಸಲೀಸಾಗಿ ಸಾಯಬ್ಯಾಡ," ಎಂದಳು ಚಿಕ್ಕಕ್ಕ. ಬೆಳಗಿನ ಅಬ್ಬಿ ನೀರಿನ ಋಣ ಅವಳಿಗೂ ಚುಚ್ಚುತ್ತಿತ್ತೋ ಏನೋ. ಗಂಜಿಗೆ ನೆಂಚಿಕೊಳ್ಳಲು ತಂದಿದ್ದ, ಉಪ್ಪು ಹಾಕಿ ಒಣಗಿಸಿದ ಪುನರ್ಪುಳಿ ಹಣ್ಣಿನ ಹುಳಿ ಸಿಪ್ಪೆಯನ್ನು ಅವನ ಅಂಗೈಗೆ ಹಾಕಿದಳು. "ನೋಡಕ್ಕೆ ಹೊಗೆಸೊಪ್ಪಿನ ಹಂಗೇ ಕಪ್ಪು. ಉಗಿದ್ರೆ ಕವಳದ ಹಂಗೇ ಕೆಂಪು. ಅಯ್ಯ ಬಾಯೊಳಗೆ ಇಣುಕಲ್ಲ ಕಣೋ, ದವಡೆ ಆಡ್ತದಾ ಇಲ್ವಾ ಅಷ್ಟೇ ನೋಡದು."

"ಮತ್ತೆ ಶುರು ಮಾಡ್ದ ಅಂತ ತಿಳ್ಕಂತಾರೆ."

"ತಿಳ್ಕಳ್ಳಲಿ. ನೀ ಕೂತಿರ್ತೀಯಲ್ಲ."

"ಚೇತನಕ್ಕಂಗೆ ಗೊತ್ತಾದ್ರೆ?"

"ಅವಳು ಸಿಗದು ಆರು ಗಂಟೆಗೆ. ಅಷ್ಟೊತ್ತಿಗೆ ಬಾಯಿ ತೊಳಿ."

ಮೂರೂವರೆಗೆ ತಟ್ಟೆ ಬಂತು. ಲೋಕೇಶ ಎಲ್ಲರಿಗಿಂತ ಮೊದಲು ಹೋಗಿ ತಟ್ಟೆಯ ಮೇಲೆ ಕೈಯಾಡಿಸಿದಂತೆ ಮಾಡಿ, ಸಿಪ್ಪೆಯನ್ನು ಎಡಗೆನ್ನೆಗೆ ತುರುಕಿದ. ಆಸೆಗೆ ಸ್ವಲ್ಪ ಹೆಚ್ಚೇ ತುರುಕಿದ. ಆಮೇಲೆ ಟ್ಯಾಂಕಿನ ಗೋಡೆಗೆ ಬೆನ್ನು ಕೊಟ್ಟು ಕೂತ. ನಲವತ್ತೊಂದು ದಿನದ ಮೇಲೆ ಕೂತ. ಸೊಂಟದಿಂದ ಹೊರಟ ಒಂದು ಸುಖ ಮೆಲ್ಲಗೆ ಹಿಮ್ಮಡಿಯವರೆಗೆ ಇಳಿಯಿತು. ಯಾರೂ ಪೈಪು ಎನ್ನಲಿಲ್ಲ, ಬಾಟ್ಲಿ ಎನ್ನಲಿಲ್ಲ. ದವಡೆ ಆಡುತ್ತಿತ್ತು, ಆದ್ದರಿಂದ ಅವನು ಮತ್ತೆ ಮನುಷ್ಯನಾಗಿದ್ದ.

ಹುಳಿ ಮಾತ್ರ ನೆತ್ತಿಗೇರಿತು. ಒಂದು ಕಣ್ಣು ತಾನಾಗಿಯೇ ಮುಚ್ಚಿತು. ಕಿವಿಗಳು ಹಿಂದಕ್ಕೆ ಸರಿದವು. ಮುಖ ಹಿಂಡಿಟ್ಟ ಬಟ್ಟೆಯ ಹಾಗಾಯಿತು.

ಗಿಡ್ಡಯ್ಯ ಅವನನ್ನೇ ನೋಡಿ ಪಕ್ಕದವನಿಗೆ ಹೇಳಿದ. "ನಮಗೆ ಬಂದಿದ್ದು ಸಪ್ಪೆ ಸೊಪ್ಪು. ಇವನಿಗೆಲ್ಲೋ ಭಾರಿ ಖಡಕ್ ಮಾಲು ಸಿಕ್ಕಿದೆ."

ಆಗಲೇ ಕೆಳಗಿನಿಂದ ತಿಮ್ಮಣ್ಣನವರ ದನಿ ಕೇಳಿತು. "ಬಾ ಚೇತನಾ, ಬಾ. ಗ್ರಂಥಾಲಯದಾಗೆ ಎಂತಕ್ಕೆ? ನಮ್ಮ ಆಳು, ನಮ್ಮ ತೋಟ. ಇಲ್ಲೇ ತೋರ್ಸು ಪ್ರಪಂಚಕ್ಕೆ."

ಅವರು ಒಗೆದ ಪಂಚೆ ಉಟ್ಟು, ಹಣೆಗೆ ಗಂಧ ಹಚ್ಚಿಕೊಂಡು ಬಂದಿದ್ದರು. ಜಯಪುರದ ಪೇಟೆಯಲ್ಲಿ ಚೇತನಾ ಸಿಕ್ಕಾಗ ವಿಷಯ ತಿಳಿದು ಅವಳನ್ನು ಜೀಪಿನಲ್ಲೇ ಹತ್ತಿಸಿಕೊಂಡು ಬಂದಿದ್ದರು. ಚೇತನಾ ಏದುಸಿರು ಬಿಡುತ್ತ ಫೋನನ್ನು ಮುಂದೆ ಹಿಡಿದಿದ್ದಳು. ಅದರಲ್ಲಿ ಆಗಲೇ ಪುಟ್ಟ ಪುಟ್ಟ ಚೌಕಗಳಲ್ಲಿ ಮುಖಗಳು ಕೂಡಿದ್ದವು.

ಫೋನು ಲೋಕೇಶನತ್ತ ತಿರುಗಿತು. ಇಪ್ಪತ್ತಮೂರು ದೇಶಗಳು ಅವನ ಊದಿದ ಕೆನ್ನೆಯನ್ನು ನೋಡಿದವು. ತುಟಿಯ ಅಂಚಿನಿಂದ ಒಂದು ಕೆಂಪು ಗೆರೆ ಗದ್ದದ ಕಡೆಗೆ ಇಳಿಯುತ್ತಿತ್ತು.

"ಲೋಕೇಶಣ್ಣ," ಎಂದಳು ಚೇತನಾ ಮೆಲ್ಲಗೆ, "ಎಂತದು ಬಾಯಲ್ಲಿ?"

ಲೋಕೇಶನ ಬಾಯಿ ತುಂಬಿತ್ತು. ತಲೆಯೂ ತುಂಬಿತ್ತು. ಸೊಪ್ಪು ಎಂದರೆ ಚೇತನಾಳ ಮಾನ ಹೋಗುತ್ತದೆ, ತನ್ನ ನಲವತ್ತೊಂದು ದಿನ ಹೋಗುತ್ತದೆ. ಸೊಪ್ಪಲ್ಲ ಎಂದರೆ ಅಯ್ಯನವರು ಇಲ್ಲೇ ಇದ್ದಾರೆ, ಕೂರಲು ಈಗ ತಾನೇ ಸಿಕ್ಕಿದ ನೆಲ ಹೋಗುತ್ತದೆ.

"ಬಿಟ್ಟೆ ಅಂದಿದ್ಯಲ್ಲೋ," ಎಂದರು ತಿಮ್ಮಣ್ಣನವರು. ಅವರ ಮುಖ ಬಾಡಿತ್ತು. "ನಾ ಕೊಪ್ಪದವರೆಗೆ ಹೇಳ್ಕಂಡು ಬಂದೆ."

"ಒಂದಿನ ಹಾಕ್ದ್ರೆ ಎಂತ ಆತು ಅಯ್ಯ," ಎಂದು ಗಿಡ್ಡಯ್ಯ ಬೆಂಬಲಕ್ಕೆ ಬಂದದ್ದು ಎಲ್ಲವನ್ನೂ ಇನ್ನಷ್ಟು ಕೆಡಿಸಿತು.

ಲೋಕೇಶ ಎರಡು ಬೆರಳು ಬಾಯಿಗೆ ಹಾಕಿ ಉಂಡೆಯನ್ನು ಹೊರತೆಗೆದ. ಕಾಫಿ ಎಲೆಯ ಮೇಲಿಟ್ಟು ಚೇತನಾಳ ಮುಂದೆ ಹಿಡಿದ. ಅವಳು ಬಗ್ಗಿ ಮೂಸಿದಳು.

"ಪುನರ್ಪುಳಿ," ಎಂದಳು. "ಯಾಕಣ್ಣ ಇದು?"

"ಕೂತ್ಕಳಕ್ಕೆ," ಎಂದ ಲೋಕೇಶ.

ಯಾರಿಗೂ ಅರ್ಥವಾಗಲಿಲ್ಲ. ಅಥವಾ ಉಳಿದ ಹತ್ತು ಆಳಿಗೂ ಅರ್ಥವಾಯಿತು, ಅದಕ್ಕೇ ಎಲ್ಲರೂ ನೆಲ ನೋಡಿದರು. ಅದನ್ನು ಕಂಡು ಲೋಕೇಶನಿಗೆ ಧೈರ್ಯ ಬಂತು, ಹುಳಿ ಮೊದಲೇ ನಾಲಗೆಯನ್ನು ಸಡಿಲ ಮಾಡಿತ್ತು.

"ಸೊಪ್ಪು ಹಾಕೋನು ದಿನಕ್ಕೆ ಎರಡು ಸಲ ಕೂರಬಹುದು. ನಾ ಬಿಟ್ಟ ದಿನದಿಂದ ಕೂತಿಲ್ಲ. ಪೈಪು ಹೊತ್ತೆ, ನೀರು ಹೊತ್ತೆ, ಇವತ್ತು ಎರಡು ಸಿಲಿಂಡರ್ ಹೊತ್ತೆ. ಎಲ್ಲಾರೂ ಶಭಾಷ್ ಅಂತಾರೆ, ಅಂದ್ಕಂತಲೇ ಹೆಗಲಿಗೆ ಏರಿಸ್ತಾರೆ. ಡಾಕ್ಟ್ರು ಕೆನ್ನೆ ನೋಡಿದ್ರು ಅಯ್ಯ. ಸೊಂಟ ಯಾರೂ ನೋಡಲಿಲ್ಲ."

ಚೇತನಾ ತನಗೆ ಬರುವಷ್ಟು ಇಂಗ್ಲಿಷಿನಲ್ಲಿ ಇದನ್ನು ಫೋನಿಗೆ ಹೇಳಿದಳು. ಆಮೇಲೆ ಒಂದು ಚೌಕದಲ್ಲಿ ತಲೆಗೆ ಹಳದಿ ವಸ್ತ್ರ ಕಟ್ಟಿದ ಹೆಂಗಸೊಬ್ಬಳು ನಗತೊಡಗಿದಳು. ಉಗಾಂಡದ ಕಾಫಿ ತೋಟದ ಕೂಲಿ, ಹೆಸರು ಗ್ರೇಸ್. ನಗು ನಿಲ್ಲದೆ ಕಣ್ಣೊರೆಸಿಕೊಂಡು ಏನೋ ಹೇಳಿದಳು.

"ಅವರಲ್ಲೂ ಹಂಗೇ ಅಂತೆ," ಎಂದಳು ಚೇತನಾ. "ಸೇದೋರಿಗೆ ಸೇದೋ ಹೊತ್ತು ಅಂತ ಬಿಡ್ತಾರಂತೆ. ಇವರು ಬಿಟ್ಟ ಮೇಲೆ ಆ ಹೊತ್ತಲ್ಲಿ ಮೂಟೆ ಹೊರಿಸ್ತಾರಂತೆ." ಇನ್ನೊಂದು ಚೌಕದಲ್ಲಿ ದೋಣಿಯ ಮೇಲಿದ್ದವನೊಬ್ಬ ಕೈಯೆತ್ತಿ ತಾನೂ ಹಾಗೆಯೇ ಎಂದ. ಮತ್ತೊಬ್ಬಳು ಹೊಲಿಗೆ ಯಂತ್ರದ ಹಿಂದಿನಿಂದ ತಲೆಯಾಡಿಸಿದಳು. ಕಂಪನಿಗಳು ಭೂಮಿಯ ತುಂಬ ತಂಬಾಕಿನ ಎಲೆ ಮಾರುತ್ತವೆ ಎಂಬುದು ಲೋಕೇಶನಿಗೆ ಓದುವ ಬಳಗದಲ್ಲಿ ಗೊತ್ತಾಗಿತ್ತು. ಎಲೆಯ ಜತೆಗೆ ಕೂಲಿಯವನ ಬಿಡುವನ್ನೂ ಕಟ್ಟಿ ಮಾರಿವೆ ಎಂಬುದು ಈಗ ಗೊತ್ತಾಯಿತು.

ಚೇತನಾ ಫೋನನ್ನು ತಿಮ್ಮಣ್ಣನವರತ್ತ ತಿರುಗಿಸಿದಳು. "ಅಯ್ಯ, ಗ್ರೇಸ್ ಅವರು ನಿಮ್ಮನ್ನು ಕೇಳ್ತಿದಾರೆ. ಬಿಡುವು ಕೊಡದು ಮನುಷ್ಯಂಗಾ, ಸೊಪ್ಪಿಗಾ?"

ತಿಮ್ಮಣ್ಣನವರು ಆಳುಗಳ ಮುಂದೆ ಏನು ಬೇಕಾದರೂ ಹೇಳಬಲ್ಲವರು. ಇಪ್ಪತ್ತಮೂರು ದೇಶಗಳ ಮುಂದೆ ಪಂಚೆಯ ಚುಂಗು ಸರಿಮಾಡಿಕೊಂಡರು. "ಹೇಳು ಅವರಿಗೆ. ನಾಳೆಯಿಂದ ಇಲ್ಲಿ ಸೊಪ್ಪಿನ ತಟ್ಟೆ ಇಲ್ಲ. ಬೆಲ್ಲದ ಕಾಫಿ ಬರ್ತದೆ. ಎಲ್ಲರೂ ಹದಿನೈದು ನಿಮಿಷ ಕೂರಬಹುದು. ಬರೀ ಬಾಯಾಗೆ."

"ನನ್ನ ಕವಳ ಇಪ್ಪತ್ತು ನಿಮಿಷ ಬರ್ತದೆ ಅಯ್ಯ," ಎಂದ ಗಿಡ್ಡಯ್ಯ.

"ಎಂತ?"

"ಹದಿನೈದಾದ್ರೆ ನಮಗೆ ಐದು ಲುಕ್ಸಾನು. ಅವರಿಗೂ ಹೇಳಮ್ಮ ಚೇತನಾ."

ಚೇತನಾ ಫೋನಿನತ್ತ ಬಾಯಿ ತೆರೆಯುವುದರೊಳಗೆ ತಿಮ್ಮಣ್ಣನವರು, "ಆತು ಮಾರಾಯ, ಇಪ್ಪತ್ತು" ಎಂದರು. ಗಿಡ್ಡಯ್ಯ ಬಾಯಲ್ಲಿದ್ದ ಕೊನೆಯ ಕವಳವನ್ನು ಗೌರವದಿಂದ ಮರದ ಬುಡಕ್ಕೆ ಬಿಟ್ಟ. ನಾಳೆಯಿಂದ ಅವನು ಬಿಡುತ್ತಾನೋ ಇಲ್ಲವೋ ಯಾರಿಗೆ ಗೊತ್ತು. ಆದರೆ ಚೌಕಾಸಿಯಲ್ಲಿ ಗೆದ್ದವನ ಮುಖ ಅವನದಾಗಿತ್ತು.

ಫೋನಿನೊಳಗೆ ಚಪ್ಪಾಳೆ ಬಿತ್ತು. ಆಮೇಲೆ ಅಲ್ಲಿಂದ ಒಂದು ಷರತ್ತೂ ಬಂತು. ಒಂದು ದಿನ ಹಲ್ಲು ಕಿರಿದು ಮರುದಿನ ಮರೆಯುವ ಧಣಿಗಳು ಎಲ್ಲ ದೇಶದಲ್ಲೂ ಇದ್ದಾರೆ. ಆದ್ದರಿಂದ ನೂರು ದಿನ, ಪ್ರತಿ ಬಿಡುವಿಗೂ, ಆಳುಗಳು ಸೊಪ್ಪಿಲ್ಲದೆ ಕೂತಿರುವ ಒಂದು ಫೋಟೊ ಗುಂಪಿಗೆ ಕಳಿಸಬೇಕು. ಕೂತಿರುವಾಗಲೇ ಕಳಿಸಬೇಕು. ಆಮೇಲೆ ಕಳಿಸಿದ್ದನ್ನು ನಂಬುವುದಿಲ್ಲ. ಗ್ರೇಸ್ ಮತ್ತು ಉಳಿದವರೂ ತಮ್ಮ ಧಣಿಗಳಿಂದ ಇದೇ ಬಿಡುವು ಕೇಳಿ ಪಡೆದು ನಾಳೆಯಿಂದ ಹೀಗೇ ಕಳಿಸುತ್ತೇವೆಂದರು.

"ಯಾರು ತೆಗೀತೀರಿ?" ಎಂದಳು ಚೇತನಾ.

"ಚಟ ಇರೋರ ಕೈಗೆ ಕೊಡಬ್ಯಾಡಿ," ಎಂದಳು ಚಿಕ್ಕಕ್ಕ. "ಲೋಕೇಶನೇ ಸರಿ."

"ಲೋಕೇಶನೇ," ಎಂದರು ತಿಮ್ಮಣ್ಣನವರು. "ಲೋಕನೇ," ಎಂದ ಗಿಡ್ಡಯ್ಯ. ಎಲ್ಲರೂ ಕೈ ತಟ್ಟಿದರು. ಲೋಕೇಶನೂ ತಟ್ಟಿದ. ಅವನಿಗಾಗ ಹೊಳೆಯಲಿಲ್ಲ.

ಮೇಲಿನ ಪಟ್ಟೆಯ ಗುಂಡಿಗಳು ಅಂದೇ ಮುಗಿದವು. ಮರುದಿನ ಕೆಲಸ ಹಳ್ಳದ ದಂಡೆಗೆ ಇಳಿಯಿತು. ಹತ್ತೂವರೆಗೆ ಮನೆಯಿಂದ ಬೆಲ್ಲದ ಕಾಫಿಯ ಕ್ಯಾನು ಬಂತು. ಗುದ್ದಲಿಗಳು ಬಿದ್ದವು. ಚಿಕ್ಕಕ್ಕ ಫೋನಿನಲ್ಲಿ ಇಪ್ಪತ್ತು ನಿಮಿಷಕ್ಕೆ ಅಲಾರಂ ಇಟ್ಟಳು. ಎಲ್ಲರೂ ನೆರಳಿನಲ್ಲಿ ಕಾಲು ಚಾಚಿದರು. ಗಿಡ್ಡಯ್ಯ ಒಂದು ಚೂರು ಪುನರ್ಪುಳಿ ಬಾಯಿಗೆ ಹಾಕಿ, ಒಂದು ಕಣ್ಣು ಮುಚ್ಚಿ, "ಪರವಾಗಿಲ್ಲ, ಇದನ್ನೂ ಎಳೀಬೌದು" ಎಂದ.

ಲೋಕೇಶ ನಿಂತುಕೊಂಡು ಫೋಟೊ ತೆಗೆದ. ನಿಂತರೇ ಹತ್ತೂ ಜನ ಅದರಲ್ಲಿ ಹಿಡಿಯುತ್ತಿದ್ದರು. ಕಳಿಸಲು ನೋಡಿದರೆ ಹಳ್ಳದ ದಂಡೆಯಲ್ಲಿ ಸಿಗ್ನಲಿನ ಒಂದು ಗೆರೆಯೂ ಇರಲಿಲ್ಲ. ಅವನು ತಲೆಯೆತ್ತಿ ಗುಡ್ಡದ ಮೇಲಿನ ಟ್ಯಾಂಕನ್ನು ನೋಡಿದ.

"ಬೇಗ ಹೋಗಿ ಬಾ ಲೋಕ," ಎಂದ ಗಿಡ್ಡಯ್ಯ ಕಾಫಿ ಹೀರುತ್ತ, "ಫೋಟೊ ಹೋಗ್ದೆ ಇದ್ರೆ ನಮ್ಮ ಬಿಡುವಿಗೆ ಕುತ್ತು."

ಏರುವುದಕ್ಕೆ ಹನ್ನೆರಡು ನಿಮಿಷ ಬೇಕಾಯಿತು. ಟ್ಯಾಂಕಿನ ಹತ್ತಿರ ನಿಂತು, ತೊಡೆಗೆ ಕೈಯೂರಿ, ಫೋಟೊ ಕಳಿಸಿದ. ಹತ್ತು ಜನ ಕೂತ ಆ ಚಿತ್ರ ಇಪ್ಪತ್ತಮೂರು ದೇಶಗಳಿಗೆ ಹೋಯಿತು. ಆ ಕಡೆಯಿಂದಲೂ ಫೋಟೊಗಳು ಬಂದು ಬೀಳುತ್ತಿದ್ದವು. ಉಗಾಂಡದಲ್ಲಿ ಆಗಿನ್ನೂ ಬೆಳಗಿನ ಎಂಟು ಗಂಟೆ. ಒಂದು ದೊಡ್ಡ ಮರದ ಕೆಳಗೆ ಹದಿನಾಲ್ಕು ಜನ ಸುಖವಾಗಿ ಕಾಲು ಚಾಚಿ ಕೂತಿದ್ದರು. ಲೋಕೇಶ ಬೆರಳಿನಿಂದ ಚಿತ್ರ ದೊಡ್ಡದು ಮಾಡಿ ಒಂದೊಂದೇ ಮುಖ ನೋಡಿದ. ಹಳದಿ ವಸ್ತ್ರ ಎಲ್ಲೂ ಇರಲಿಲ್ಲ.

ಅಷ್ಟರಲ್ಲಿ ಗ್ರೇಸಳ ದನಿ ಬಂತು. ಮಾತು ತಿಳಿಯದಿದ್ದರೂ ಏದುಸಿರು ತಿಳಿಯಿತು, ಹಿಂದೆ ಗಾಳಿಯ ಸದ್ದೂ ಇತ್ತು. ಕೆಳಗೆ ಚೇತನಾ ಕನ್ನಡದಲ್ಲಿ ಬರೆದು ಹಾಕಿದಳು. "ಲೋಕೇಶಣ್ಣ, ಗ್ರೇಸ್ ಕೇಳ್ತಿದಾರೆ. ನಿಮ್ಮಲ್ಲೂ ಸಿಗ್ನಲ್ ಗುಡ್ಡದ ಮೇಲೇನಾ?"

ಲೋಕೇಶನಿಗೆ ನಗು ಬಂತು. ಒಬ್ಬನೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕ. ಭೂಮಿಯ ಆ ಬದಿಯ ಗುಡ್ಡದ ಮೇಲೆ ಇನ್ನೊಬ್ಬಳು ತನ್ನ ಹಾಗೆಯೇ ತೊಡೆಗೆ ಕೈಯೂರಿ ನಿಂತಿದ್ದಾಳೆ ಎಂದು ನೆನೆದಾಗ ಸೊಂಟದ ನೋವು ಅರ್ಧ ಇಳಿದ ಹಾಗಾಯಿತು. ಕೆಳಗೆ ಹಳ್ಳದ ದಂಡೆಯಲ್ಲಿ ಹತ್ತು ಜೊತೆ ಕಾಲುಗಳು ಸಾಲಾಗಿ ಚಾಚಿಕೊಂಡಿದ್ದವು. ನೋಡಲು ಚೆನ್ನಾಗಿಯೇ ಇತ್ತು. ಅಲಾರಂ ಹೊಡೆಯಲು ಇನ್ನೂ ಐದಾರು ನಿಮಿಷವಿತ್ತು. ಇಳಿಯುವುದಕ್ಕೆ ಮೊದಲು ಒಂದು ಗಳಿಗೆ ಕೂರೋಣವೆಂದು ಅವನು ಟ್ಯಾಂಕಿನ ಗೋಡೆಗೆ ಕೈಯೂರಿ, ಮೊಣಕಾಲು ಮಡಿಸಿ, ಮೆಲ್ಲಗೆ ತಗ್ಗತೊಡಗಿದ.

ಜಗಲಿಯಿಂದ ತಿಮ್ಮಣ್ಣನವರ ದನಿ ಏರಿ ಬಂತು.

"ಲೋಕೇಶಾ, ಹೆಂಗೂ ಮೇಲೆ ಹೋಗಿದೀಯಲ್ಲ, ಆ ಟ್ಯಾಂಕಿನ ವಾಲ್ವೊಂದು ತಿರುಗಿಸಿ ಬಾ ಮಾರಾಯ."